ದನಿ ನಿಂತ ಕಡೆ ಗಿಟಾರು ಮುಂದುವರಿಯುತ್ತದೆ: ಡೈರ್ ಸ್ಟ್ರೇಟ್ಸ್ ಕುರಿತು ಓದುಗರ ಪ್ರಶ್ನೆಗಳು

ಡೈರ್ ಸ್ಟ್ರೇಟ್ಸ್ ತಂಡದ ಹಾಡುಗಳ ಬಗ್ಗೆ ಬಿಡಿಬಿಡಿಯಾಗಿ ಬರುತ್ತಿದ್ದ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇವೆ. ತಂಡದ ಪರಿಚಯವಿಲ್ಲದವರಿಗಾಗಿ ಎರಡು ಮಾತು ಹೇಳಬೇಕು. 1977ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಈ ತಂಡದಲ್ಲಿ ಹಾಡುಗಳನ್ನು ಬರೆದು, ಹಾಡಿ, ಮುಖ್ಯ ಗಿಟಾರನ್ನೂ ನುಡಿಸುತ್ತಿದ್ದವರು ಮಾರ್ಕ್ ನಾಫ್ಲರ್. ಎರಡನೆಯ ಗಿಟಾರು ಅವರ ತಮ್ಮ ಡೇವಿಡ್ ನಾಫ್ಲರ್ ಅವರದು, ಬೇಸ್ ಗಿಟಾರು ಜಾನ್ ಇಲ್ಸ್ಲಿ ಅವರದು, ಡ್ರಮ್ಸ್ ಪಿಕ್ ವಿದರ್ಸ್ ಅವರದು. 1978ರಿಂದ 1991ರವರೆಗಿನ ಅವಧಿಯಲ್ಲಿ ಬಂದದ್ದು ಆರೇ ಸ್ಟುಡಿಯೊ ಆಲ್ಬಂ. ಆದರೂ ಆ ಗಿಟಾರಿನ ನಾದವನ್ನು ಪ್ರೀತಿಸುವವರ ಸಂಖ್ಯೆ ಇಂದಿಗೂ ಕಡಿಮೆಯಾಗಿಲ್ಲ.

ಪ್ರಶ್ನೆ: ಇಂಗ್ಲಿಷ್ ಹಾಡುಗಳ ಸಾಹಿತ್ಯ ನನಗೆ ಅಷ್ಟಾಗಿ ತಿಳಿಯುವುದಿಲ್ಲ. ಆದರೂ ‘ಬ್ರದರ್ಸ್ ಇನ್ ಆರ್ಮ್ಸ್’ ಕೇಳುವಾಗ ಪ್ರತಿಸಲವೂ ಗಂಟಲು ಕಟ್ಟುತ್ತದೆ. ಮಾತು ಅರ್ಥವಾಗದೆ ದುಃಖ ಮಾತ್ರ ಅರ್ಥವಾಗುವುದು ಹೇಗೆ? (ಶಿವಮೊಗ್ಗದ ಓದುಗರು)

ಉತ್ತರ: ಆ ಹಾಡಿನಲ್ಲಿ ಹೇಳಬೇಕಾದುದರ ಅರ್ಧಕ್ಕಿಂತ ಹೆಚ್ಚಿನ ಪಾಲನ್ನು ನಾಫ್ಲರ್ ಗಿಟಾರಿಗೇ ಒಪ್ಪಿಸಿಬಿಟ್ಟಿದ್ದಾರೆ. ಆದ್ದರಿಂದ ಮಾತು ತಿಳಿಯದವರಿಗೂ ಅದರ ತಿರುಳು ದಕ್ಕುತ್ತದೆ. ಒಮ್ಮೆ ಗಮನವಿಟ್ಟು ಕೇಳಿ ನೋಡಿ. ಮೊದಲು ದೂರದಲ್ಲೆಲ್ಲೋ ಗುಡುಗಿನ ಸದ್ದು, ಆಮೇಲೆ ಶ್ರುತಿ ಹಿಡಿದಂತೆ ನಿಲ್ಲುವ ಕೀಬೋರ್ಡಿನ ಸ್ವರಗಳು, ಅದರ ಮೇಲೆ ಯಾವ ಅವಸರವೂ ಇಲ್ಲದೆ ಗಿಟಾರು. ಹಾಡುಗಾರನ ದನಿ ಇವೆಲ್ಲವುಗಳ ನಂತರವೇ ಬರುತ್ತದೆ, ಬಂದಾಗಲೂ ಅದು ಹಾಡುವುದಕ್ಕಿಂತ ಹೆಚ್ಚಾಗಿ ತಗ್ಗಿದ ಸ್ವರದಲ್ಲಿ ಮಾತನಾಡುತ್ತದೆ. ಒಂದೊಂದು ಸಾಲು ಮುಗಿದ ಕೂಡಲೇ ದನಿ ಹಿಂದೆ ಸರಿದು ನಿಲ್ಲುತ್ತದೆ ಮತ್ತು ಆ ಬಿಡುವಿನಲ್ಲಿ ಗಿಟಾರು ನಾಲ್ಕಾರು ಸ್ವರಗಳಲ್ಲಿ ಉತ್ತರ ಕೊಡುತ್ತದೆ. ಹಾಡಿದ್ದನ್ನೇ ಅದು ಮತ್ತೆ ನುಡಿಸುವುದಿಲ್ಲ. ಹೇಳುವವನು ಹೇಳಲಾರದೆ ನಿಂತಲ್ಲಿಂದ ಮಾತನ್ನು ಎತ್ತಿಕೊಂಡು ಮುಂದಕ್ಕೆ ಒಯ್ಯುತ್ತದೆ.

ಆ ಗಿಟಾರು ಮನುಷ್ಯರ ದನಿಯಂತೆ ಕೇಳಿಸುವುದಕ್ಕೆ ಒಂದು ತಾಂತ್ರಿಕ ಕಾರಣವೂ ಇದೆ. ತಂತಿವಾದ್ಯದಲ್ಲಿ ಮೀಟಿದ ಕ್ಷಣದಲ್ಲಿ ಒಂದು ಪೆಟ್ಟು ಕೇಳಿಸುತ್ತದೆ, ನಾದ ಅದರ ಹಿಂದೆ ಬಂದು ಸ್ವಲ್ಪ ಹೊತ್ತಿನಲ್ಲಿ ಕ್ಷೀಣಿಸುತ್ತದೆ. ನಾಫ್ಲರ್ ಈ ಹಾಡಿನಲ್ಲಿ ಕಾಲಿನಿಂದ ಒತ್ತುವ ವಾಲ್ಯೂಮ್ ಪೆಡಲ್ ಬಳಸುತ್ತಾರೆ. ಮೀಟುವಾಗ ಸದ್ದನ್ನು ಪೂರ್ತಿ ತಗ್ಗಿಸಿ, ಮೀಟಿದ ಮೇಲೆ ಮೆಲ್ಲಗೆ ಏರಿಸಿದರೆ ಆ ಪೆಟ್ಟು ಮರೆಯಾಗಿ, ಸ್ವರವು ಮೌನದಿಂದಲೇ ಎದ್ದುಬಂದಂತೆ ಕೇಳಿಸುತ್ತದೆ. ಉಸಿರೆಳೆದುಕೊಂಡು ಹೊರಡುವ ಕಂಠದ ರೀತಿಯೂ ಇದೇ. ಬಿಟ್ಟ ಸ್ವರ ಬೇಗ ಸಾಯದಂತೆ ಹಿಡಿದಿಡುವ ಗಿಬ್ಸನ್ ಲೆಸ್ ಪಾಲ್ ಗಿಟಾರಿನ ದಪ್ಪನೆಯ ನಾದವೂ ಇಲ್ಲಿ ನೆರವಿಗೆ ಬಂದಿದೆ.

ಇನ್ನು ಮಾತಿನ ವಿಷಯ. 1982ರ ಏಪ್ರಿಲ್‌ನಿಂದ ಜೂನ್‌ವರೆಗೆ ಫಾಕ್ಲೆಂಡ್ ದ್ವೀಪಗಳಿಗಾಗಿ ಬ್ರಿಟನ್ನಿಗೂ ಅರ್ಜೆಂಟೀನಾಕ್ಕೂ ನಡೆದ ಯುದ್ಧದಲ್ಲಿ 649 ಅರ್ಜೆಂಟೀನಿಯರೂ 255 ಬ್ರಿಟಿಷ್ ಯೋಧರೂ ಸತ್ತರು. ಆ ದಿನಗಳಲ್ಲಿ ಹುಟ್ಟಿದ ಈ ಹಾಡಿನಲ್ಲಿ ಮಾತನಾಡುವವನು ರಣರಂಗದಲ್ಲಿ ಸಾಯುತ್ತಿರುವ ಒಬ್ಬ ಸಿಪಾಯಿ. ಅವನು ಶತ್ರುವನ್ನು ಬೈಯುವುದಿಲ್ಲ, ಗೆಲುವನ್ನು ಬಯಸುವುದಿಲ್ಲ. ಮಂಜು ಮುಸುಕಿದ ಬೆಟ್ಟಗಳನ್ನೂ ತನ್ನ ಊರಿನ ತಗ್ಗುಬಯಲನ್ನೂ ನೆನೆಯುತ್ತಾನೆ, ಭಯದ ನಡುವೆ ತನ್ನನ್ನು ಕೈಬಿಡದ ಸಂಗಾತಿಗಳಿಗೆ ವಿದಾಯ ಹೇಳುತ್ತಾನೆ. ಅವನ ಮಾತು ಮುಗಿದ ಮೇಲೆಯೂ ಹಾಡು ಮುಗಿಯದೆ, ಗಿಟಾರೊಂದೇ ಬಹಳ ಹೊತ್ತು ನುಡಿಯುತ್ತ ನುಡಿಯುತ್ತ ಕರಗಿ ಹೋಗುತ್ತದೆ. ಸಾಯುವವನ ಬಾಯಿಯಲ್ಲಿ ಕೊನೆಯ ಮಾತನ್ನಿಡುವ ಧೈರ್ಯ ಎಷ್ಟೋ ಹಾಡುಗಾರರಿಗೆ ಸುಲಭವಾಗಿ ಬಂದುಬಿಡುತ್ತದೆ. ನಾಫ್ಲರ್ ಅಲ್ಲಿ ತಡೆದು ನಿಂತದ್ದೇ ಈ ಹಾಡನ್ನು ಇಷ್ಟು ಎತ್ತರಕ್ಕೆ ಒಯ್ದಿದೆ ಎಂದು ನಾನು ನಂಬಿದ್ದೇನೆ. ನಿಮ್ಮ ಗಂಟಲು ಕಟ್ಟುವುದು ಆ ಭಾಗದಲ್ಲೇ ಆದರೆ, ನೀವು ಹಾಡನ್ನು ಪೂರ್ಣವಾಗಿಯೇ ಅರ್ಥಮಾಡಿಕೊಂಡಿದ್ದೀರಿ.

ಪ್ರಶ್ನೆ: ನಾನು ವೀಣೆ ಕಲಿಯುತ್ತಿರುವವಳು. ನಾಫ್ಲರ್ ಅವರು ಪಿಕ್ (ತಂತಿ ಮೀಟುವ ಚಿಕ್ಕ ಚಪ್ಪಟೆ ತುಣುಕು) ಹಿಡಿಯದೆ ಬರಿಯ ಬೆರಳುಗಳಿಂದಲೇ ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತಾರಂತೆ. ನಾದವನ್ನು ಹೇಗೂ ಆಂಪ್ಲಿಫೈಯರ್ ದೊಡ್ಡದು ಮಾಡುವಾಗ, ಬೆರಳೋ ಪಿಕ್ಕೋ ಎಂಬುದರಿಂದ ನಿಜವಾಗಿ ವ್ಯತ್ಯಾಸವಾಗುತ್ತದೆಯೆ? (ಮೈಸೂರಿನ ಓದುಗರು)

ಉತ್ತರ: ಬಹಳ ವ್ಯತ್ಯಾಸವಾಗುತ್ತದೆ. ವೀಣೆ ಹಿಡಿದವರಿಗೆ ಇದನ್ನು ವಿವರಿಸುವುದು ಸುಲಭ. ಉಗುರಿನಿಂದ ಮೀಟಿದಾಗ ಬರುವ ನಾದಕ್ಕೂ ಬೆರಳ ತುದಿಯ ಮೆತ್ತನೆಯ ಭಾಗದಿಂದ ಮೀಟಿದಾಗ ಬರುವ ನಾದಕ್ಕೂ ಇರುವ ಭೇದ ನಿಮಗೆ ಗೊತ್ತೇ ಇದೆ. ಆಂಪ್ಲಿಫೈಯರ್ ಆ ಭೇದವನ್ನು ಅಳಿಸುವುದಿಲ್ಲ, ಅದನ್ನೂ ಸೇರಿಸಿಯೇ ದೊಡ್ಡದು ಮಾಡುತ್ತದೆ. ಎಲೆಕ್ಟ್ರಿಕ್ ಗಿಟಾರಿನಲ್ಲಿ ತಂತಿಯ ಕೆಳಗಿರುವ ಕಾಂತಗಳು ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿ ಬದಲಿಸುತ್ತವೆ. ತಂತಿ ಹೇಗೆ ಕಂಪಿಸಿತೋ ಸಂಕೇತವೂ ಹಾಗೆಯೇ ಇರುವುದರಿಂದ, ಕೈಯ ಗುಣ ಕೊನೆಯವರೆಗೂ ಉಳಿದುಕೊಳ್ಳುತ್ತದೆ.

ನಾಫ್ಲರ್ ಬಲಗೈಯ ಹೆಬ್ಬೆರಳು, ತೋರುಬೆರಳು ಮತ್ತು ಮಧ್ಯದ ಬೆರಳನ್ನು ಬಳಸುತ್ತಾರೆ. ಉಳಿದೆರಡು ಬೆರಳುಗಳು ಗಿಟಾರಿನ ಮೈಮೇಲೆ ಊರಿಕೊಂಡು ಕೈಗೆ ಆಸರೆ ಕೊಡುತ್ತವೆ. ಹುಟ್ಟಾ ಎಡಚರಾದ ಅವರು ಗಿಟಾರನ್ನು ಮಾತ್ರ ಬಲಗೈಯವರ ಹಾಗೆಯೇ ಹಿಡಿಯುತ್ತಾರೆ. ಹೀಗೆ ಮೂರು ಬೆರಳುಗಳಿಂದ ನುಡಿಸಿದಾಗ ಮೂರು ತಂತಿಗಳನ್ನು ಒಂದೇ ಕ್ಷಣದಲ್ಲಿ ಹಿಡಿದು ಬಿಡಬಹುದು, ಒಂದನ್ನು ಜೋರಾಗಿಯೂ ಪಕ್ಕದ್ದನ್ನು ಮೆಲ್ಲಗೂ ಮೀಟಬಹುದು, ಬೇಕೆಂದಾಗ ತಂತಿಯನ್ನು ಚಿವುಟಿ ಎಳೆದು ಛಟ್ಟೆಂದು ಬಿಡಬಹುದು, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ನುಡಿಯುತ್ತಿರುವ ತಂತಿಯ ಮೇಲೆ ಅದೇ ಬೆರಳನ್ನಿಟ್ಟು ನಾದವನ್ನು ತಕ್ಷಣ ನಿಲ್ಲಿಸಬಹುದು. ಅವರ ಗಿಟಾರು ಮಾತನಾಡಿದಂತೆ ಕೇಳಿಸುವುದರಲ್ಲಿ ಈ ನಿಲ್ಲಿಸುವಿಕೆಗೆ ದೊಡ್ಡ ಪಾಲಿದೆ, ಏಕೆಂದರೆ ಮಾತಿನಲ್ಲಿ ವ್ಯಂಜನವಿರುವಂತೆ ಅಲ್ಲಿ ಪ್ರತಿ ಸ್ವರಕ್ಕೂ ಒಂದು ಆದಿಯೂ ಒಂದು ಅಂತ್ಯವೂ ಸಿಗುತ್ತದೆ. ಬೆರಳಿನಿಂದ ನುಡಿಸುವ ಅಮೆರಿಕದ ಹಿರಿಯ ಗಿಟಾರ್ ವಾದಕ ಚೆಟ್ ಆಟ್ಕಿನ್ಸ್ ಅವರನ್ನು ನಾಫ್ಲರ್ ಬಹಳವಾಗಿ ಗೌರವಿಸುತ್ತಿದ್ದರು. 1990ರಲ್ಲಿ ಇಬ್ಬರೂ ಸೇರಿ ಒಂದು ಆಲ್ಬಂ ಕೂಡ ತಂದರು.

ವೀಣೆಗೂ ಈ ವಾದನಕ್ಕೂ ಐತಿಹಾಸಿಕ ನಂಟು ಯಾವುದೂ ಇಲ್ಲ. ಒಂದೇ ಮನೆಯಲ್ಲಿ ವೀಣೆಯ ಹಳೆಯ ಎಲ್ಪಿ ತಟ್ಟೆಗಳ ಜೊತೆಗೆ ಡೈರ್ ಸ್ಟ್ರೇಟ್ಸ್ ಕ್ಯಾಸೆಟ್ಟನ್ನೂ ಇಟ್ಟುಕೊಂಡು ಬೆಳೆದವರು ನಮ್ಮಲ್ಲಿ ಅನೇಕರಿದ್ದಾರೆ. ಅವರು ಇಂಥ ನಂಟನ್ನು ಹುಡುಕುವುದು ಸಹಜವಾದರೂ, ಇಲ್ಲದ ಸಂಬಂಧವನ್ನು ಕಟ್ಟುವುದು ಬೇಡ. ವೀಣೆಯಲ್ಲಿ ಒಂದೇ ಮೆಟ್ಟಿಲ ಮೇಲೆ ತಂತಿಯನ್ನು ಎಳೆದು ಹಲವು ಸ್ವರಸ್ಥಾನಗಳನ್ನು ದಾಟಬಹುದು. ನಾಫ್ಲರ್ ಸಾಮಾನ್ಯವಾಗಿ ಒಂದೆರಡು ಸ್ಥಾನಗಳಷ್ಟೇ ಎಳೆಯುತ್ತಾರೆ. ಆದರೆ ಗುರಿಯ ಸ್ವರವನ್ನು ನೇರವಾಗಿ ಮುಟ್ಟದೆ, ಅದರ ಹಾದಿಯನ್ನೂ ಕೇಳಿಸುವಂತೆ ನಿಧಾನವಾಗಿ ಏರುವ ಅವರ ರೀತಿ ಜಾರು ಕಲಿತ ಕೈಗೆ ಖಂಡಿತ ಹಿಡಿಸುತ್ತದೆ. ನೀವು ‘ರೋಮಿಯೊ ಅಂಡ್ ಜೂಲಿಯೆಟ್’ ಹಾಡಿನ ಆರಂಭವನ್ನು ಕೇಳಬೇಕು. ಅಲ್ಲಿ ನುಡಿಯುವುದು 1937ರಲ್ಲಿ ತಯಾರಾದ, ಲೋಹದ ಮೈಯುಳ್ಳ ನ್ಯಾಷನಲ್ ಗಿಟಾರು. ತಂತಿಯ ಕಂಪನವನ್ನು ಒಳಗಿನ ಲೋಹದ ಶಂಕುವೊಂದು ದೊಡ್ಡದು ಮಾಡುವ ಆ ವಾದ್ಯದಲ್ಲಿ ಪ್ರತಿ ಬೆರಳ ಸ್ಪರ್ಶವೂ ಬೇರೆಬೇರೆಯಾಗಿ ಕೇಳಿಸುತ್ತದೆ. 1985ರ ‘ಬ್ರದರ್ಸ್ ಇನ್ ಆರ್ಮ್ಸ್’ ಆಲ್ಬಮ್ಮಿನ ಹೊದಿಕೆಯಲ್ಲಿ ಮೋಡಗಳ ನಡುವೆ ತೇಲುವುದೂ ಇದೇ ಗಿಟಾರು.

ಪ್ರಶ್ನೆ: ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನಲ್ಲಿ ಪ್ರೇಮವಿಲ್ಲ, ವಿರಹವಿಲ್ಲ, ಸಾವಿಲ್ಲ. ಅದನ್ನು ಭಾವಪೂರ್ಣ ಹಾಡು ಎಂದು ಅಭಿಮಾನಿಗಳು ಕರೆಯುವುದು ಸರಿಯೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಸರಿ ಎಂದೇ ನನ್ನ ಅಭಿಪ್ರಾಯ. ಅದರಲ್ಲಿ ಪ್ರೇಮವೂ ಇದೆ, ಆದರೆ ಅದು ಸಂಗೀತದ ಮೇಲಿನ ಪ್ರೇಮ. ಲಂಡನ್ನಿನ ಒಂದು ಪಬ್ಬಿನಲ್ಲಿ, ಕೇಳುವವರೇ ಹೆಚ್ಚು ಇಲ್ಲದ ರಾತ್ರಿಯೊಂದರಲ್ಲಿ, ಹಳೆಯ ಜಾಸ್ ನುಡಿಸುತ್ತಿದ್ದ ಸಾಧಾರಣ ತಂಡವೊಂದನ್ನು ನಾಫ್ಲರ್ ಕಂಡಿದ್ದರು. ಕೊನೆಯಲ್ಲಿ ಆ ತಂಡದವರು ತಮ್ಮನ್ನು ಸ್ವಿಂಗ್ ಸಂಗೀತದ ಸುಲ್ತಾನರೆಂದು ಪರಿಚಯಿಸಿಕೊಂಡರಂತೆ. ಆ ಘನವಾದ ಹೆಸರಿಗೂ ಆ ಖಾಲಿ ಕೋಣೆಗೂ ನಡುವಿನ ಅಂತರವನ್ನು ಕಂಡು ಗೇಲಿ ಮಾಡುವುದು ಸುಲಭವಿತ್ತು. ನಾಫ್ಲರ್ ಗೇಲಿ ಮಾಡಲಿಲ್ಲ. ಹೊರಗೆ ಮಳೆ, ಮೂಲೆಯಲ್ಲಿ ಈ ಸಂಗೀತ ತಮಗೆ ಬೇಡವೆನ್ನುವ ಹುಡುಗರು, ಹಗಲು ಬೇರೆ ನೌಕರಿ ಮಾಡಿ ಹೊಟ್ಟೆ ಹೊರೆಯುತ್ತಿರುವುದರಿಂದ ಇಲ್ಲಿ ಹೆಸರು ಬಂದರೂ ಬರದಿದ್ದರೂ ಚಿಂತಿಸದ ವಾದಕ, ಇವರೆಲ್ಲರನ್ನೂ ಅವರು ಪತ್ರಕರ್ತನ ಕಣ್ಣಿನಿಂದ ನೋಡಿ, ಗೌರವದಿಂದ ಹಾಡಿನಲ್ಲಿ ಕೂರಿಸಿದರು. ಗಾಯಕನಾಗುವ ಮೊದಲು ಅವರು ಲೀಡ್ಸ್ ನಗರದ ಒಂದು ಪತ್ರಿಕೆಯಲ್ಲಿ ವರದಿಗಾರರಾಗಿದ್ದವರು, ನಂತರ ಕಾಲೇಜಿನಲ್ಲಿ ಪಾಠ ಹೇಳಿದವರು.

ಆ ಸುಲ್ತಾನರ ಸ್ಥಿತಿಗೂ ನಾಫ್ಲರ್ ಮತ್ತು ಅವರ ಗೆಳೆಯರ ಸ್ಥಿತಿಗೂ ಆಗ ಹೆಚ್ಚಿನ ವ್ಯತ್ಯಾಸವಿರಲಿಲ್ಲ ಎಂಬುದನ್ನೂ ನೆನಪಿಡಬೇಕು. ಆಗ್ನೇಯ ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ ಪಾಲಿಕೆಯ ಬಾಡಿಗೆ ಮನೆಯೊಂದರಲ್ಲಿದ್ದ ಗೆಳೆಯರು ಕೈ ಬರಿದಾದ ತಮ್ಮ ಪರಿಸ್ಥಿತಿಯನ್ನೇ ತಂಡದ ಹೆಸರಾಗಿಸಿಕೊಂಡು (‘ಡೈರ್ ಸ್ಟ್ರೇಟ್ಸ್’ ಎಂದರೆ ಕಡು ಸಂಕಷ್ಟ), 1977ರಲ್ಲಿ 120 ಪೌಂಡ್ ಖರ್ಚಿನಲ್ಲಿ ಐದು ಹಾಡುಗಳ ಒಂದು ಮಾದರಿ ಟೇಪ್ ಮಾಡಿಸಿದರು. ಅದನ್ನು ಬಿಬಿಸಿ ರೇಡಿಯೊ ಲಂಡನ್ನಿನ ನಿರೂಪಕ ಚಾರ್ಲಿ ಗಿಲೆಟ್ ಅವರಿಗೆ ಕೊಟ್ಟದ್ದು ಬರಿಯ ಸಲಹೆ ಕೇಳುವುದಕ್ಕಾಗಿ. ಗಿಲೆಟ್ ಅವರಿಗೆ ‘ಸುಲ್ತಾನ್ಸ್’ ಹಾಡು ಎಷ್ಟು ಹಿಡಿಸಿತೆಂದರೆ ಅದನ್ನು ತಮ್ಮ ಕಾರ್ಯಕ್ರಮದಲ್ಲೇ ಪ್ರಸಾರ ಮಾಡಿದರು. ಅಲ್ಲಿಂದ ಧ್ವನಿಮುದ್ರಣ ಕಂಪನಿಗಳ ಗಮನ ಇತ್ತ ತಿರುಗಿ, 1978ರಲ್ಲಿ ಮೊದಲ ಆಲ್ಬಂ ಬಂತು. ಮರುವರ್ಷ ಈ ಹಾಡು ಅಮೆರಿಕದ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತು. ಪಂಕ್ ಸಂಗೀತದ ಅಬ್ಬರವೇ ಲಂಡನ್ನಿನಲ್ಲಿ ತುಂಬಿದ್ದ ಕಾಲದಲ್ಲಿ ಇಷ್ಟು ತಗ್ಗಿದ ದನಿಯ ತಂಡಕ್ಕೆ ಜನ ಕಿವಿಗೊಟ್ಟರೆಂಬುದು ನನಗೆ ಇಂದಿಗೂ ಸಂತೋಷ ಕೊಡುವ ಸಂಗತಿ.

ಇಲ್ಲಿನ ಗಿಟಾರಿನ ಪಾತ್ರವನ್ನು ನೋಡಿ. ಲೋಹದ ಮೈಯ ನ್ಯಾಷನಲ್ ಗಿಟಾರಿನ ಮೇಲೆ ಕಟ್ಟಿದಾಗ ಹಾಡು ಸ್ವತಃ ನಾಫ್ಲರ್ ಅವರಿಗೇ ಸಪ್ಪೆಯೆನಿಸಿತ್ತು. ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಕೈಗೆ ಬಂದ ಮೇಲೆ ಅದಕ್ಕೆ ಜೀವ ಬಂತು. ಯಾವ ಕಾಂತಗಳ ನಾದ ಕೇಳಬೇಕೆಂದು ಆರಿಸುವ ಆ ಗಿಟಾರಿನ ಸ್ವಿಚ್ಚನ್ನು ಎರಡು ಸ್ಥಾನಗಳ ನಡುವೆ ನಿಲ್ಲಿಸಿದಾಗ ಬರುವ ತೆಳುವಾದ, ಟೊಳ್ಳಾದ, ಸ್ಫುಟವಾದ ನಾದವೇ ಹಾಡಿನುದ್ದಕ್ಕೂ ಪ್ರತಿ ಸಾಲಿನ ಕೊನೆಯಲ್ಲಿ ಒಂದು ಚಿಕ್ಕ ಮರುಮಾತು ಹೇಳುತ್ತದೆ. ಅಂತ್ಯದಲ್ಲಿ ಬರುವ ವೇಗದ ಸ್ವರಗುಚ್ಛಗಳನ್ನು ಅಭಿಮಾನಿಗಳು ಬಹಳ ಕೊಂಡಾಡುತ್ತಾರೆ, ನ್ಯಾಯವಾಗಿಯೇ ಕೊಂಡಾಡುತ್ತಾರೆ. ಆದರೆ ಆ ವೇಗ ಐದು ನಿಮಿಷಗಳಷ್ಟು ಕಾಲ ತಡೆದು ಇಟ್ಟುಕೊಂಡಿದ್ದ ಸಂತೋಷವಾದ್ದರಿಂದಲೇ ಮೈ ನವಿರೇಳಿಸುತ್ತದೆ, ಅದನ್ನಷ್ಟೇ ಕತ್ತರಿಸಿ ತೆಗೆದು ಕೇಳಿದರೆ ಚಳಕ ಮಾತ್ರ ಉಳಿಯುತ್ತದೆ.

ಪ್ರಶ್ನೆ: ‘ಟೆಲಿಗ್ರಾಫ್ ರೋಡ್’ 14 ನಿಮಿಷಗಳ ಹಾಡು. ಕಾಲೇಜು ಓದುವ ನನ್ನ ಮಗ ಇದನ್ನು ಕೊನೆಯವರೆಗೆ ಕೇಳಲು ಒಪ್ಪುವುದಿಲ್ಲ. ಅಷ್ಟು ಉದ್ದ ನಿಜವಾಗಿ ಬೇಕಿತ್ತೆ? (ದಾವಣಗೆರೆಯ ಓದುಗರು)

ಉತ್ತರ: ಬೇಕಿತ್ತು, ಏಕೆಂದರೆ ಆ ಹಾಡು ಒಂದು ಊರು ಹುಟ್ಟಿ, ಬೆಳೆದು, ಬತ್ತುವ ಕಥೆಯನ್ನು ಹೇಳುತ್ತದೆ. ಟೆಲಿಗ್ರಾಫ್ ರೋಡ್ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಡೆಟ್ರಾಯಿಟ್ ನಗರದ ಪಕ್ಕದಲ್ಲಿ ಹಾದುಹೋಗುವ ನಿಜವಾದ ಹೆದ್ದಾರಿ. ಸಂಗೀತ ಪ್ರವಾಸದ ಬಸ್ಸಿನಲ್ಲಿ ಆ ದಾರಿಯಲ್ಲಿ ಸಾಗುವಾಗ ನಾಫ್ಲರ್ ಅವರ ಕೈಯಲ್ಲಿ, ಕಾಡು ಕಡಿದು ನೆಲ ಹಸನು ಮಾಡುವ ಒಬ್ಬ ರೈತನ ಬಾಳನ್ನು ಹೇಳುವ ನಾರ್ವೆಯ ಕಾದಂಬರಿಯೊಂದಿತ್ತು. ಕಣ್ಣ ಮುಂದಿನ ರಸ್ತೆಯೂ ಕೈಯಲ್ಲಿನ ಪುಸ್ತಕವೂ ಕೂಡಿ ಈ ಹಾಡಾಯಿತು. ಬೆನ್ನ ಮೇಲೆ ಮೂಟೆ ಹೊತ್ತು ನಡೆದು ಬಂದ ಒಬ್ಬಾತ ಕಾಡಿನಲ್ಲಿ ಗುಡಿಸಲು ಹಾಕುತ್ತಾನೆ. ಅವನ ಹಿಂದೆ ಜನ ಬರುತ್ತಾರೆ, ಚರ್ಚು, ಶಾಲೆ, ವಕೀಲರು, ಕಾನೂನು, ರೈಲು, ಗಣಿ ಎಲ್ಲವೂ ಬರುತ್ತವೆ. ಕೊನೆಗೊಂದು ದಿನ ಕೆಲಸವೇ ಇಲ್ಲವಾಗಿ, ಆರು ಸಾಲುಗಳ ವಾಹನಗಳ ನಡುವೆ ಒಬ್ಬ ನಿರುದ್ಯೋಗಿ ತನ್ನ ಸಿಟ್ಟಿನೊಡನೆ ಉಳಿಯುತ್ತಾನೆ. ಹಾಡು ಬಂದ 1982ರಲ್ಲಿ ಬ್ರಿಟನ್ನಿನಲ್ಲಿ ನಿರುದ್ಯೋಗಿಗಳ ಸಂಖ್ಯೆ 30 ಲಕ್ಷ ದಾಟಿತ್ತು, ಡೆಟ್ರಾಯಿಟ್‌ನ ಕಾರು ಕಾರ್ಖಾನೆಗಳಲ್ಲೂ ಕೆಲಸ ಕಳೆದುಕೊಂಡವರು ತುಂಬಿದ್ದರು. ಅಂದಿನ ಕೇಳುಗರಿಗೆ ಅದು ಹಳೆಯ ಕಾಲದ ಕಥೆಯಾಗಿರಲಿಲ್ಲ.

ಇಂಥ ಕಥೆಯಲ್ಲಿ ಕಾಲ ಸರಿಯುವುದನ್ನು ಮಾತಿನಿಂದ ಹೇಳಬಹುದು, ಆದರೆ ಅನುಭವಿಸುವಂತೆ ಮಾಡುವುದು ಕಷ್ಟ. ಅದಕ್ಕಾಗಿ ಆರಂಭದಲ್ಲಿ ಒಂದೇ ಒಂದು ಎಳೆಯಾಗಿ ನಿಂತ ಸ್ವರದ ಮೇಲೆ ಪಿಯಾನೊ ಬರುತ್ತದೆ, ಗಿಟಾರು ಬರುತ್ತದೆ, ಡ್ರಮ್ಸ್ ಬರುತ್ತದೆ, ಊರು ತುಂಬಿದಂತೆ ವಾದ್ಯಗಳೂ ತುಂಬುತ್ತವೆ. ನಡುವೆ ಎಲ್ಲವೂ ಇಳಿದು ಪಿಯಾನೊ ಒಂದೇ ಉಳಿಯುವ ನಿಮಿಷಗಳಿವೆ. ಕಡೆಯ ನಾಲ್ಕೈದು ನಿಮಿಷಗಳಲ್ಲಿ ಬಹುತೇಕ ಮಾತೇ ಇಲ್ಲ, ಆ ನಿರುದ್ಯೋಗಿಯ ಸಿಟ್ಟು ಗಿಟಾರಿನಲ್ಲಿ ಹರಿಯುತ್ತದೆ. ಹಿಂದಿನ ಒಂಬತ್ತು ನಿಮಿಷಗಳನ್ನು ದಾಟದೆ ಅಲ್ಲಿಗೆ ಬಂದವರಿಗೆ ಆ ಸಿಟ್ಟಿನ ಕಾರಣ ತಿಳಿಯುವುದಿಲ್ಲ. ನಿಮ್ಮ ಮಗನಿಗೆ ಒತ್ತಾಯ ಮಾಡಬೇಡಿ. ರಾತ್ರಿಯ ಬಸ್ಸಿನಲ್ಲೋ ರೈಲಿನಲ್ಲೋ ದೂರದ ಊರಿಗೆ ಹೊರಟಾಗ ಕಿವಿಗೆ ಹಾಕಿಕೊಳ್ಳಲು ಹೇಳಿ. ರಸ್ತೆಯ ಹಾಡನ್ನು ಕೇಳಲು ರಸ್ತೆಯೇ ತಕ್ಕ ಜಾಗ.

ಪ್ರಶ್ನೆ: ಎಲ್ಲ ಪ್ರಶಂಸೆಯೂ ನಾಫ್ಲರ್ ಒಬ್ಬರಿಗೇ ಸಲ್ಲುತ್ತದೆ. ಉಳಿದವರು ಬರಿಯ ಹಿಮ್ಮೇಳವೆ? (ಕಲಬುರಗಿಯ ಓದುಗರು)

ಉತ್ತರ: ಅಭಿಮಾನಿಗಳು ಇಲ್ಲಿ ಸ್ವಲ್ಪ ಅನ್ಯಾಯ ಮಾಡುತ್ತಾರೆ ಎಂದೇ ಹೇಳಬೇಕು. ಗಿಟಾರು ಉತ್ತರ ಕೊಡಲು ಬಿಡುವು ಬೇಕು, ಆ ಬಿಡುವನ್ನು ಕಾಯ್ದುಕೊಟ್ಟವರು ಉಳಿದ ವಾದಕರು. ಮೊದಲ ನಾಲ್ಕು ಆಲ್ಬಂಗಳಲ್ಲಿ ಪಿಕ್ ವಿದರ್ಸ್ ಅವರ ಡ್ರಮ್ಸ್ ಎಷ್ಟು ಹಗುರವಾಗಿ, ಎಷ್ಟು ಮಿತವಾಗಿ ನಡೆಯುತ್ತದೆಂಬುದನ್ನು ‘ಸುಲ್ತಾನ್ಸ್’ ಹಾಡಿನಲ್ಲಿ ಗಿಟಾರನ್ನು ಮರೆತು ಒಮ್ಮೆ ಕೇಳಿ ನೋಡಬೇಕು. ಡೇವಿಡ್ 1980ರಲ್ಲಿ ತಂಡ ಬಿಟ್ಟರು, ವಿದರ್ಸ್ 1982ರಲ್ಲಿ ಬಿಟ್ಟರು. ಮೊದಲಿನಿಂದ ಕೊನೆಯವರೆಗೂ ಮಾರ್ಕ್ ಅವರ ಜೊತೆಗೆ ಉಳಿದವರು ಇಲ್ಸ್ಲಿ ಒಬ್ಬರೇ. ಬೇಸ್ ಗಿಟಾರಿನಲ್ಲಿ ತನ್ನ ಜಾಣ್ಮೆಯನ್ನು ತೋರಿಸಿಕೊಳ್ಳಬೇಕೆಂಬ ಆಸೆ ಅವರಲ್ಲಿ ಎಂದೂ ಕಾಣಲಿಲ್ಲ. ‘ಪ್ರೈವೇಟ್ ಇನ್ವೆಸ್ಟಿಗೇಷನ್ಸ್’ ಹಾಡಿನ ಎರಡನೆಯ ಅರ್ಧದಲ್ಲಿ ಎದೆಬಡಿತದಂತೆ ನಡೆಯುವ ಬೇಸ್ ಇಲ್ಲದಿದ್ದರೆ, ಅದರ ಮೇಲೆ ಎರಗುವ ಗಿಟಾರಿಗೆ ಅರ್ಥವೇ ಇರುತ್ತಿರಲಿಲ್ಲ. 1980ರಿಂದ ಬಂದ ಕೀಬೋರ್ಡ್ ವಾದಕ ಅಲನ್ ಕ್ಲಾರ್ಕ್ ಮತ್ತು ಆನಂತರ ಸೇರಿದ ಗೈ ಫ್ಲೆಚರ್ ಅವರಿಂದಾಗಿ ತಂಡದ ನಾದ ವಿಶಾಲವಾಯಿತು. ‘ಟೆಲಿಗ್ರಾಫ್ ರೋಡ್’ ಹಾಡಿನ ಪಿಯಾನೊ ಕ್ಲಾರ್ಕ್ ಅವರದೇ.

ಪ್ರಶ್ನೆ: ಸ್ಟುಡಿಯೊ ಧ್ವನಿಮುದ್ರಣ ಒಳ್ಳೆಯದೋ, ವೇದಿಕೆಯದೋ? (ಹಾಸನದ ಓದುಗರು)

ಉತ್ತರ: ಮೊದಲು ಸ್ಟುಡಿಯೊ, ಆಮೇಲೆ ವೇದಿಕೆ. 1983ರ ಜುಲೈ ತಿಂಗಳಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಓಡಿಯನ್ ಸಭಾಂಗಣದಲ್ಲಿ ಮುದ್ರಿಸಿಕೊಂಡ ‘ಆಲ್ಕೆಮಿ’ ಆಲ್ಬಮ್ಮಿನಲ್ಲಿ ‘ಸುಲ್ತಾನ್ಸ್’ ಹಾಡು ಸುಮಾರು 11 ನಿಮಿಷಗಳಷ್ಟು ಬೆಳೆದಿದೆ. ಮೂಲವನ್ನು ಬಲ್ಲವರಿಗೆ ಮಾತ್ರ ಆ ಬೆಳವಣಿಗೆಯ ಸೊಗಸು ಪೂರ್ತಿ ಸಿಗುತ್ತದೆ.

ಪ್ರಶ್ನೆ: ತಂಡ ಮತ್ತೆ ಒಂದಾಗುವ ಸಾಧ್ಯತೆ ಇದೆಯೆ? 2005ರಲ್ಲಿ ಬೆಂಗಳೂರಿನಲ್ಲಿ ನಡೆದ ಕಾರ್ಯಕ್ರಮ ತಂಡದ್ದೋ, ನಾಫ್ಲರ್ ಒಬ್ಬರದೋ? (ಬೆಂಗಳೂರಿನ ಓದುಗರು)

ಉತ್ತರ: 2005ರ ಮಾರ್ಚ್ ತಿಂಗಳಲ್ಲಿ ಮುಂಬೈ ಮತ್ತು ಬೆಂಗಳೂರುಗಳಲ್ಲಿ ನಡೆದದ್ದು ನಾಫ್ಲರ್ ತಮ್ಮ ಸ್ವಂತ ವಾದಕರೊಡನೆ ಮಾಡಿದ ಪ್ರವಾಸದ ಕಾರ್ಯಕ್ರಮ. ಡೈರ್ ಸ್ಟ್ರೇಟ್ಸ್ ಹಾಡುಗಳನ್ನು ಅವರು ಅಲ್ಲಿಯೂ ನುಡಿಸಿದರು, ಆದರೆ ಅದು ಆ ತಂಡವಲ್ಲ. ತಂಡದ ಕಟ್ಟಕಡೆಯ ಕಛೇರಿ 1992ರ ಅಕ್ಟೋಬರ್‌ನಲ್ಲಿ ಸ್ಪೇನ್ ದೇಶದ ಸಾರಗೋಸಾದಲ್ಲಿ ಮುಗಿದಿತ್ತು, 1995ರಲ್ಲಿ ತಂಡವೂ ಕೊನೆಗೊಂಡಿತು. 2018ರಲ್ಲಿ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವ ಸಂದಾಗ ಕೂಡ ಮಾರ್ಕ್ ಅವರು ಸಮಾರಂಭಕ್ಕೆ ಹೋಗಲಿಲ್ಲ. ಇಲ್ಸ್ಲಿ, ಕ್ಲಾರ್ಕ್ ಮತ್ತು ಫ್ಲೆಚರ್ ಅದನ್ನು ಸ್ವೀಕರಿಸಿದರು. 2024ರ ಜನವರಿ 31ರಂದು ಲಂಡನ್ನಿನ ಕ್ರಿಸ್ಟೀಸ್ ಹರಾಜಿನಲ್ಲಿ ನಾಫ್ಲರ್ ತಮ್ಮ 120ಕ್ಕೂ ಹೆಚ್ಚು ಗಿಟಾರು ಮತ್ತಿತರ ಸಲಕರಣೆಗಳನ್ನು ಮಾರಿಬಿಟ್ಟರು. ‘ಬ್ರದರ್ಸ್ ಇನ್ ಆರ್ಮ್ಸ್’ ನುಡಿಸಿದ್ದ ಲೆಸ್ ಪಾಲ್ ಕೂಡ ಅವುಗಳಲ್ಲಿತ್ತು. ಒಟ್ಟು ಮೊತ್ತ 88 ಲಕ್ಷ ಪೌಂಡ್ ಮೀರಿತು, ಅದರ ನಾಲ್ಕನೆಯ ಒಂದು ಪಾಲು ಸೇವಾಸಂಸ್ಥೆಗಳಿಗೆ ಹೋಯಿತು. ಇವೆಲ್ಲವನ್ನೂ ನೋಡಿದರೆ ಪುನರ್ಮಿಲನವನ್ನು ನಿರೀಕ್ಷಿಸುವುದಕ್ಕೆ ಆಧಾರ ಕಾಣುವುದಿಲ್ಲ. ಅಭಿಮಾನಿಗಳಿಗೆ ಇದರಿಂದ ಬೇಸರವಾಗುವುದು ನನಗೆ ಅರ್ಥವಾಗುತ್ತದೆ, ಆದರೂ ನಿಲ್ಲಿಸಬೇಕೆನಿಸಿದಾಗ ನಿಲ್ಲಿಸಿದ ಕಲಾವಿದನ ನಿರ್ಧಾರವನ್ನು ನಾನು ಗೌರವಿಸುತ್ತೇನೆ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ‘ಬ್ರದರ್ಸ್ ಇನ್ ಆರ್ಮ್ಸ್’ ಹಾಡಿನ ಗಿಟಾರ್ ಭಾಗವನ್ನು ಸ್ವರ ತಪ್ಪದಂತೆ ಕಲಿತಿದ್ದೇನೆ. ಆದರೆ ನಾನು ನುಡಿಸಿದಾಗ ಅದರಲ್ಲಿ ಭಾವವೇ ಬರುವುದಿಲ್ಲ. ಏನು ಮಾಡಬೇಕು? (ಉಡುಪಿಯ ಓದುಗರು)

ಉತ್ತರ: ಸ್ವರಗಳು ಸರಿಯಾಗಿ ಬರುತ್ತಿವೆ ಎಂದಾದರೆ ಕಷ್ಟದ ಅರ್ಧ ದಾರಿಯನ್ನು ನೀವು ಈಗಾಗಲೇ ದಾಟಿದ್ದೀರಿ. ಇನ್ನು ಕೆಲವು ವಾರ ಪಿಕ್ಕನ್ನು ಪಕ್ಕಕ್ಕಿಟ್ಟು, ಹೆಬ್ಬೆರಳು ಮತ್ತು ಎರಡು ಬೆರಳುಗಳಿಂದ ಮಾತ್ರ ನುಡಿಸಿ. ಮೊದಮೊದಲು ವೇಗ ಕುಂದುತ್ತದೆ, ನಾದವೂ ಮಂಕಾಗುತ್ತದೆ, ಅದಕ್ಕೆ ಹೆದರಬೇಡಿ. ಆಂಪ್ಲಿಫೈಯರಿನಲ್ಲಿ ಸದ್ದನ್ನು ಕರ್ಕಶಗೊಳಿಸುವ ಗುಂಡಿಯನ್ನು ಆದಷ್ಟು ಕಡಿಮೆ ಮಾಡಿ, ಏಕೆಂದರೆ ಅದು ಹೆಚ್ಚಿದ್ದಷ್ಟೂ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ತೆರನಾಗಿ ಕೇಳಿಸಿ ಕೈಯ ಭೇದ ಮುಚ್ಚಿಹೋಗುತ್ತದೆ.

ಆಮೇಲೆ, ಗಿಟಾರ್ ಭಾಗವನ್ನು ಹಾಡಿನಿಂದ ಬಿಡಿಸಿಕೊಂಡು ಅಭ್ಯಾಸ ಮಾಡುವುದನ್ನು ನಿಲ್ಲಿಸಿ. ಬಹುಶಃ ನಿಮ್ಮ ತೊಂದರೆಯ ಮೂಲ ಅಲ್ಲೇ ಇದೆ. ಸಾಹಿತ್ಯವನ್ನು ನೀವೇ ಬಾಯಲ್ಲಿ ಹಾಡಿ, ದನಿ ಚೆನ್ನಾಗಿಲ್ಲದಿದ್ದರೂ ಚಿಂತೆಯಿಲ್ಲ, ನಾಫ್ಲರ್ ಕೂಡ ದೊಡ್ಡ ಗಾಯಕರೆಂದು ಯಾರೂ ಹೇಳುವುದಿಲ್ಲ. ಒಂದು ಸಾಲು ಹಾಡಿ, ಉಸಿರು ಬಿಟ್ಟು, ಆ ಸಾಲಿಗೆ ಉತ್ತರವೆಂಬಂತೆ ಗಿಟಾರಿನ ತುಣುಕನ್ನು ನುಡಿಸಿ, ಮತ್ತೆ ಮುಂದಿನ ಸಾಲಿಗೆ ಹೋಗಿ. ಆಗ ಎಲ್ಲಿ ತಡೆಯಬೇಕು, ಯಾವ ಸ್ವರವನ್ನು ತಡವಾಗಿ ಮುಟ್ಟಬೇಕು, ಯಾವುದನ್ನು ಅರ್ಧಕ್ಕೆ ಬಿಡಬೇಕು ಎಂಬುದನ್ನು ನಿಮ್ಮ ಉಸಿರೇ ತಿಳಿಸತೊಡಗುತ್ತದೆ. ತಂತಿ ಎಳೆದು ಏರುವ ಸ್ವರಗಳನ್ನು ಬೇರೆಯಾಗಿ ಅಭ್ಯಾಸ ಮಾಡಿ: ಮುಂದಿನ ಮನೆಯ (ಫ್ರೆಟ್‌ನ) ಸ್ವರವನ್ನು ಮೊದಲು ಸುಮ್ಮನೆ ಮೀಟಿ ಕಿವಿಯಲ್ಲಿ ನಿಲ್ಲಿಸಿಕೊಂಡು, ಹಿಂದಿನ ಮನೆಯಿಂದ ತಂತಿಯನ್ನು ಎಳೆದು ಅದೇ ಶ್ರುತಿಗೆ ತಲುಪಿ. ಏರಿದ ಸ್ವರ ಕೂದಲೆಳೆಯಷ್ಟು ತಗ್ಗಿದ್ದರೂ ಇಂಥ ಖಾಲಿ ಜಾಗವುಳ್ಳ ಹಾಡಿನಲ್ಲಿ ತಕ್ಷಣ ಕೇಳಿಸುತ್ತದೆ. ವಾಲ್ಯೂಮ್ ಪೆಡಲ್ ಕೊಳ್ಳಲು ಈಗಲೇ ಹಣ ಹಾಕುವ ಅಗತ್ಯವಿಲ್ಲ. ಗಿಟಾರಿನ ಮೈಮೇಲಿರುವ ವಾಲ್ಯೂಮ್ ಗುಂಡಿಯನ್ನು ಕಿರುಬೆರಳಿನಿಂದ ತಿರುಗಿಸಿಯೂ ಸ್ವರವನ್ನು ಮೆಲ್ಲಗೆ ಎಬ್ಬಿಸಬಹುದು, ಸ್ಟ್ರಾಟೋಕ್ಯಾಸ್ಟರ್ ಮಾದರಿಯ ಗಿಟಾರಿನಲ್ಲಿ ಆ ಗುಂಡಿ ಕೈಗೆ ಹತ್ತಿರವೇ ಇರುತ್ತದೆ. ಇಷ್ಟು ಕೈಗೂಡಿದ ಮೇಲೆ ಕೊನೆಯ ದೀರ್ಘ ಭಾಗವನ್ನು ಎತ್ತಿಕೊಳ್ಳಿ, ಅಲ್ಲಿಯವರೆಗೆ ಹಾಡಿನ ನಡುವಿನ ಚಿಕ್ಕ ಉತ್ತರಗಳೇ ನಿಮಗೆ ಸಾಕಷ್ಟು ಕೆಲಸ ಕೊಡುತ್ತವೆ.